ಚಲನ್ ಕಟ್ಟೋದು ನಾವು, ಲೆಕ್ಕ ಕೇಳಬೇಕಾದವರೂ ನಾವೇ

ಮಾರ್ಕ್ಸ್ ಕಾರ್ಡಿನ ನಕಲು ಪ್ರತಿಗೆ ಒಂದು ಶುಲ್ಕ. ಮೈಗ್ರೇಶನ್ ಸರ್ಟಿಫಿಕೇಟಿಗೆ ಇನ್ನೊಂದು. ಎಲಿಜಿಬಿಲಿಟಿಗೆ ಮತ್ತೊಂದು. ಮರುಮೌಲ್ಯಮಾಪನಕ್ಕೆ, ಉತ್ತರಪತ್ರಿಕೆಯ ಜೆರಾಕ್ಸಿಗೆ, ಪದವಿ ಪತ್ರಕ್ಕೆ, ಕೊನೆಯ ದಿನ ದಾಟಿದರೆ ದಂಡಕ್ಕೆ. ಎಂ.ಎಸ್ಸಿ., ಪಿಎಚ್.ಡಿ. ಮಾಡುವವರಿಗಾದರೆ ಉಪಕರಣ ಕೇಂದ್ರದಲ್ಲಿ ಸ್ಯಾಂಪಲ್ ಪರೀಕ್ಷೆಗೂ ಶುಲ್ಕ. ನಾವೆಲ್ಲ ಇದನ್ನು ಕಟ್ಟಿದವರೇ. ಚಲನ್ ತುಂಬಿ, ರಸೀದಿ ಇಸ್ಕೊಂಡು, ಸುಮ್ನೆ ಮನೆಗೆ ಬಂದವರೇ.

ಈ ದರ ಯಾರು ನಿಗದಿ ಮಾಡಿದರು? ಯಾವ ಲೆಕ್ಕದ ಮೇಲೆ? ಒಪ್ಪಿಗೆ ಕೊಟ್ಟ ಸಭೆ ಯಾವುದು? ವರ್ಷದ ಕೊನೆಗೆ ಉಳಿದ ದುಡ್ಡು ಎಲ್ಲಿಗೆ ಹೋಯ್ತು? ಈ ನಾಲ್ಕು ಪ್ರಶ್ನೆ ಕೇಳಿದವರು ನಮ್ಮಲ್ಲಿ ಬಹಳ ಕಡಿಮೆ. ಬೋಧನಾ ಶುಲ್ಕ ಏರಿದರೆ ಸಂಘಟನೆಗಳು ಬೀದಿಗೆ ಬರ್ತವೆ, ಪತ್ರಿಕೆಯಲ್ಲಿ ಸುದ್ದಿ ಆಗ್ತದೆ. ಸೇವಾ ಶುಲ್ಕ ಏರಿದರೆ ಒಂದು ಸುತ್ತೋಲೆ ಬರ್ತದೆ, ಅಷ್ಟೆ.

ಗಡಿಯ ಹುಡುಗ ಹುಡುಗಿಯರಿಗೆ ಈ ವಿಷಯ ಉಳಿದವರಿಗಿಂತ ಹೆಚ್ಚು ತಟ್ಟುತ್ತದೆ. ಮಂಜೇಶ್ವರದಲ್ಲಿ ಪ್ಲಸ್ ಟು ಮುಗಿಸಿ ಮಂಗಳೂರಿಗೆ ಹೋಗುವವರು, ಅಕ್ಕಲಕೋಟೆಯಲ್ಲಿ ಬಿ.ಎ. ಮಾಡಿ ಕಲಬುರಗಿಗೆ ಎಂ.ಎ.ಗೆ ಬರುವವರು, ಆದೋನಿಯಿಂದ ಬಳ್ಳಾರಿಗೆ, ಹೊಸೂರಿನಿಂದ ಬೆಂಗಳೂರಿಗೆ ಹೋಗುವವರು ನಾವು. ಒಂದೇ ರಾಜ್ಯದೊಳಗೆ ಓದು ಮುಗಿಸುವವರಿಗೆ ಬೇಕಾಗದ ಕಾಗದಗಳು ನಮಗೆ ಬೇಕು. ಬಿಟ್ಟುಬರುವ ಕಡೆ ಒಂದು ಕಾಗದ, ಸೇರುವ ಕಡೆ ಇನ್ನೊಂದು. ಎರಡೂ ಕಡೆ ಶುಲ್ಕ. ಕನ್ನಡದಲ್ಲಿ ಓದಬೇಕು ಅನ್ನುವ ಆಸೆಗೇ ಬೆಲೆ ಕಟ್ಟಿದ ಹಾಗೆ.

ಶುಲ್ಕವೇ ಬೇಡ ಅಂತ ನಾವು ಹೇಳ್ತಿಲ್ಲ. ಕಾಗದ ಅಚ್ಚಾಗಬೇಕು, ದಾಖಲೆ ಹುಡುಕಬೇಕು, ಮೌಲ್ಯಮಾಪಕರಿಗೆ ಸಂಭಾವನೆ ಕೊಡಬೇಕು, ಲ್ಯಾಬಿನ ಯಂತ್ರಕ್ಕೆ ಗ್ಯಾಸ್, ದುರಸ್ತಿ, ಕರೆಂಟು ಬೇಕು. ಇದಕ್ಕೆಲ್ಲ ಖರ್ಚಿದೆ. ಆದ್ರೆ ಶುಲ್ಕ ಅಂದ್ರೆ ಮಾಡಿದ ಸೇವೆಯ ಖರ್ಚು. ಅದು ಆದಾಯದ ಮೂಲ ಆಗಬಾರದು, ತಪ್ಪಿಲ್ಲದವರ ಮೇಲಿನ ದಂಡವೂ ಆಗಬಾರದು.

ಈ ವ್ಯತ್ಯಾಸವನ್ನು ಭಾರತದ ಕಾನೂನಿನಲ್ಲಿ ಗಟ್ಟಿಯಾಗಿ ಊರಿದ್ದು ನಮ್ಮ ನೆಲದ್ದೇ ಒಂದು ಮೊಕದ್ದಮೆ. ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಶಿರೂರು ಮಠದ ಪ್ರಕರಣ, 1954ರ ಸುಪ್ರೀಂ ಕೋರ್ಟ್ ತೀರ್ಪು. ಆಗ ಉಡುಪಿಯೂ ಕಾಸರಗೋಡೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ಮದ್ರಾಸ್ ರಾಜ್ಯದಲ್ಲಿದ್ದವು. 1951ರ ಮದ್ರಾಸ್ ಧಾರ್ಮಿಕ ದತ್ತಿ ಕಾಯ್ದೆಯಲ್ಲಿ, ಸರ್ಕಾರ ಕೊಡುವ ಸೇವೆಗೆ ಅಂತ ಹೇಳಿ ಸಂಸ್ಥೆಗಳ ಆದಾಯದ ಶೇ. 5ರವರೆಗೆ ವಂತಿಗೆ ವಸೂಲಿ ಮಾಡಲು ಅವಕಾಶ ಇತ್ತು. ಕೋರ್ಟ್ ಅದನ್ನು ಒಪ್ಪಲಿಲ್ಲ. ವಸೂಲಾದ ಹಣ ಸರ್ಕಾರದ ಸಾಮಾನ್ಯ ಬೊಕ್ಕಸ ಸೇರ್ತದೆ, ಸೇವೆಯ ಖರ್ಚಿಗೂ ವಸೂಲಿಗೂ ಸಂಬಂಧವೇ ಕಾಣೋದಿಲ್ಲ, ಹಾಗಾಗಿ ಇದು ಶುಲ್ಕ ಅಲ್ಲ, ತೆರಿಗೆ. ಇಂಥ ತೆರಿಗೆ ಹಾಕುವ ಅಧಿಕಾರ ರಾಜ್ಯದ ಶಾಸನಸಭೆಗೆ ಇಲ್ಲ ಅಂತ ಹೇಳಿತು.

1980ರ ದಶಕದ ತೀರ್ಪುಗಳು ಈ ನಿಯಮವನ್ನು ಸ್ವಲ್ಪ ಸಡಿಲ ಮಾಡಿದವು. ರೂಪಾಯಿಗೆ ರೂಪಾಯಿ ತಾಳೆ ಆಗಲೇಬೇಕು ಅಂತಿಲ್ಲ, ವಸೂಲಿಗೂ ಸೇವೆಗೂ ಒಟ್ಟಾರೆ ಸಂಬಂಧ ಇದ್ದರೆ ಸಾಕು ಅಂದವು. ಇರಲಿ. ಆ ತೀರ್ಪು ವಿಶ್ವವಿದ್ಯಾಲಯದ ಬಗ್ಗೆ ಬಂದದ್ದೂ ಅಲ್ಲ. ಆದ್ರೆ ಅದರ ಹಿಂದಿನ ನ್ಯಾಯ ಎಲ್ಲರಿಗೂ ಅರ್ಥ ಆಗುವಂಥದ್ದು: ಸೇವೆಯ ಹೆಸರಲ್ಲಿ ದುಡ್ಡು ತಗೊಂಡ್ರೆ ಸೇವೆಯ ಖರ್ಚು ತೋರಿಸಬೇಕು.

ಇದನ್ನು ಆಚರಣೆಗೆ ತರೋದು ಹೇಗೆ? ಇಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳಿಂದ ಒಂದು ಪಾಠ ಕಲೀಬಹುದು. ಅಲ್ಲಿ ಒಂದು ವಿಭಾಗ ಇನ್ನೊಂದು ವಿಭಾಗಕ್ಕೆ, ಸಂಶೋಧಕರಿಗೆ ಸೇವೆ ಕೊಟ್ಟು ಬಿಲ್ ಮಾಡ್ತದೆ. ಆ ಬಿಲ್ಲಿನ ಹಣ ಕೇಂದ್ರ ಸರ್ಕಾರದ ಸಂಶೋಧನಾ ಅನುದಾನದಿಂದ ಬರೋದಾದ್ರೆ ಸರ್ಕಾರದ ನಿಯಮ ಬಿಗಿ. ದೊಡ್ಡ ಉಪಕರಣ ಕೇಂದ್ರಗಳ ದರ ನಿಜವಾದ ಬಳಕೆಯ ಮೇಲೆ ಇರಬೇಕು. ಸರ್ಕಾರದ ಯೋಜನೆಗೆ ಒಂದು ದರ, ವಿಶ್ವವಿದ್ಯಾಲಯದ್ದೇ ಬೇರೆ ಕೆಲಸಕ್ಕೆ ಇನ್ನೊಂದು ದರ ಅಂತ ತಾರತಮ್ಯ ಮಾಡುವಂತಿಲ್ಲ. ಒಟ್ಟು ಖರ್ಚು ವಾಪಸ್ ಬರುವಷ್ಟೇ ದರ ಇಡಬೇಕು. ಎರಡು ವರ್ಷಕ್ಕೊಮ್ಮೆಯಾದರೂ ದರ ತಿದ್ದಬೇಕು. ಹಿಂದಿನ ಅವಧಿಯಲ್ಲಿ ಹೆಚ್ಚು ವಸೂಲಾಗಿದ್ದರೆ ಮುಂದಿನ ದರ ಇಳಿಸಬೇಕು. ಅಲ್ಲಿ ದುಡ್ಡು ಕೊಡೋದು ಸರ್ಕಾರ, ಅದಕ್ಕೇ ಇಷ್ಟು ಕಾವಲು. ನಮ್ಮಲ್ಲಿ ದುಡ್ಡು ಕೊಡೋದು ಬಡವರ ಮಕ್ಕಳು. ಕಾವಲು ಇನ್ನೂ ಬಿಗಿಯಾಗಬೇಕಿತ್ತಲ್ವಾ?

ಒಂದು ಊಹೆಯ ಲೆಕ್ಕ ಹಾಕಿ ನೋಡೋಣ. ಒಂದು ಉತ್ತರಪತ್ರಿಕೆಯ ಮರುಮೌಲ್ಯಮಾಪನಕ್ಕೆ ಸಂಭಾವನೆ, ಸಿಬ್ಬಂದಿ, ಸಾಗಾಟ ಎಲ್ಲ ಸೇರಿ 150 ರೂಪಾಯಿ ಖರ್ಚು ಅಂತ ಇಟ್ಟುಕೊಳ್ಳಿ. ಶುಲ್ಕ 500 ರೂಪಾಯಿ. ಒಂದು ಸೆಮಿಸ್ಟರಿಗೆ 8,000 ಅರ್ಜಿ ಬಂದರೆ ಖರ್ಚು ಕಳೆದು ಉಳಿಯೋದು 28 ಲಕ್ಷ. ಈ 28 ಲಕ್ಷ ಕೊಟ್ಟವರು ಯಾರು? ತಮಗೆ ಅನ್ಯಾಯ ಆಗಿದೆ ಅಂತ ನಂಬಿದವರು. ಅಂಕ ಏರಿದರೆ ತಪ್ಪು ಮೊದಲ ಮೌಲ್ಯಮಾಪನದ್ದು ಅಂತಾಯ್ತು. ಆ ತಪ್ಪಿನ ಖರ್ಚು ವಿದ್ಯಾರ್ಥಿಯ ಜೇಬಿನಿಂದ ಯಾಕೆ ಹೋಗಬೇಕು? ಅಂಕ ಏರಿದವರಿಗೆ ಶುಲ್ಕ ವಾಪಸ್ ಕೊಡಲೇಬೇಕು ಅನ್ನೋದು ನಮ್ಮ ಮೊದಲ ಬೇಡಿಕೆ.

ವಿಶ್ವವಿದ್ಯಾಲಯದವರ ಉತ್ತರವೂ ನಮಗೆ ಗೊತ್ತು. ಸರ್ಕಾರದ ಅನುದಾನ ಸಾಲದು, ಪಿಂಚಣಿ ಹೊರೆ ಇದೆ, ಖಾಲಿ ಹುದ್ದೆಗೆ ಅತಿಥಿ ಉಪನ್ಯಾಸಕರನ್ನು ಇಟ್ಟುಕೊಂಡು ನಡೆಸ್ತಿದ್ದೇವೆ, ದುಡ್ಡು ಎಲ್ಲಿಂದ ತರೋದು? ಈ ಕಷ್ಟ ಸುಳ್ಳಲ್ಲ. ಆದ್ರೆ ಕೊರತೆ ಇದ್ದರೆ ಅದನ್ನು ಬಜೆಟ್ಟಿನಲ್ಲಿ ತೋರಿಸಿ, ಸರ್ಕಾರವನ್ನು ಕೇಳಲಿ. ಆ ಹೋರಾಟಕ್ಕೆ ನಾವೂ ಜೊತೆ ಬರ್ತೇವೆ. ಕೊರತೆಯನ್ನು ಫೇಲಾದವರ, ಮಾರ್ಕ್ಸ್ ಕಾರ್ಡ್ ಕಳಕೊಂಡವರ, ರಾಜ್ಯ ದಾಟಿ ಹೋಗುವವರ ತಲೆಗೆ ಕಟ್ಟೋದು ನ್ಯಾಯ ಅಲ್ಲ. ಇವರು ಬೇರೆ ಅಂಗಡಿಗೆ ಹೋಗುವ ಗಿರಾಕಿಗಳಲ್ಲ. ಮೈಗ್ರೇಶನ್ ಸರ್ಟಿಫಿಕೇಟ್ ಕೊಡೋದು ಒಂದೇ ಕಡೆ.

ಹಾಗಾದ್ರೆ ಕೇಳೋದು ಯಾರನ್ನ? ಕ್ಲರ್ಕ್ ಹತ್ರ ಜಗಳ ಆಡಿ ಪ್ರಯೋಜನ ಇಲ್ಲ; ದರ ಅವರ ಕೈಯಲ್ಲಿಲ್ಲ. ಒಪ್ಪಿಗೆ ಕೊಡುವ ಸಭೆ ಯಾವುದು ಅಂತ ಮೊದಲು ತಿಳೀಬೇಕು. ಕಾಸರಗೋಡು ಮತ್ತು ವಯನಾಡಿನ ಮಾನಂತವಾಡಿ ತಾಲೂಕು ಕಣ್ಣೂರು ವಿಶ್ವವಿದ್ಯಾಲಯಕ್ಕೆ ಸೇರಿದವು. ಅಲ್ಲಿ ಸಿಂಡಿಕೇಟ್ ಇದೆ, ವಿದ್ಯಾರ್ಥಿ ಪ್ರತಿನಿಧಿಗಳೂ ಕೂರುವ ಸೆನೆಟ್ ಇದೆ. ಪೆರಿಯದಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎಕ್ಸಿಕ್ಯುಟಿವ್ ಕೌನ್ಸಿಲ್ ಮತ್ತು ಹಣಕಾಸು ಸಮಿತಿ. ತಾಳವಾಡಿ, ನೀಲಗಿರಿಯವರಿಗೆ ಕೊಯಮತ್ತೂರಿನ ಭಾರತಿಯಾರ್, ಹೊಸೂರಿನವರಿಗೆ ಸೇಲಂನ ಪೆರಿಯಾರ್ ವಿಶ್ವವಿದ್ಯಾಲಯ, ಎರಡರಲ್ಲೂ ಸಿಂಡಿಕೇಟ್. ಸೊಲ್ಲಾಪುರ, ಅಕ್ಕಲಕೋಟೆಯವರಿಗೆ ಸೊಲ್ಲಾಪುರ ವಿಶ್ವವಿದ್ಯಾಲಯ, ಜತ್ತದವರಿಗೆ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯ. ಮಹಾರಾಷ್ಟ್ರದಲ್ಲಿ ಮ್ಯಾನೇಜ್‌ಮೆಂಟ್ ಕೌನ್ಸಿಲ್ ಅಂತಾರೆ. ರಾಯದುರ್ಗ, ಮಡಕಶಿರಾದವರಿಗೆ ಅನಂತಪುರದ ಶ್ರೀಕೃಷ್ಣದೇವರಾಯ, ಆದೋನಿಯವರಿಗೆ ಕರ್ನೂಲಿನ ರಾಯಲಸೀಮಾ. ಅಲ್ಲಿ ಎಕ್ಸಿಕ್ಯುಟಿವ್ ಕೌನ್ಸಿಲ್. ಹೆಸರು ಬೇರೆ ಬೇರೆ, ಕೆಲಸ ಒಂದೇ. ದುಡ್ಡಿನ ವಿಷಯ ಈ ಸಭೆಗಳ ಮುಂದೆ ಬರ್ತದೆ. ಸಭೆಯ ನಡಾವಳಿ ಗುಟ್ಟಿನ ಕಾಗದ ಅಲ್ಲ.

ಕೇಳೋಕೆ ಕಾನೂನು ನಮ್ಮ ಕಡೆ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆ ಈ ಎಲ್ಲ ಸರ್ಕಾರಿ ವಿಶ್ವವಿದ್ಯಾಲಯಗಳಿಗೂ ಅನ್ವಯ. ಕೇಂದ್ರದ ನಿಯಮದಲ್ಲಿ ಅರ್ಜಿಗೆ 10 ರೂಪಾಯಿ, ಪುಟಕ್ಕೆ 2 ರೂಪಾಯಿ. ರಾಜ್ಯಗಳಿಗೆ ಅವರವರ ನಿಯಮ ಇದೆ. ಬಿಪಿಎಲ್ ಕುಟುಂಬದವರಿಗೆ ಶುಲ್ಕ ಇಲ್ಲ. 30 ದಿನದಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮೇಲ್ಮನವಿ.

ಉತ್ತರಪತ್ರಿಕೆಯ ವಿಷಯದಲ್ಲಂತೂ ಇದನ್ನು ನಾವೆಲ್ಲ ಬಾಯಿಪಾಠ ಮಾಡ್ಕೋಬೇಕು. ತನ್ನ ಮೌಲ್ಯಮಾಪನ ಆದ ಉತ್ತರಪತ್ರಿಕೆ ನೋಡುವ ಹಕ್ಕು ವಿದ್ಯಾರ್ಥಿಗೆ ಇದೆ ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. 2019ರಲ್ಲಿ ಕಂಪನಿ ಸೆಕ್ರೆಟರಿಗಳ ಸಂಸ್ಥೆಯ ಪ್ರಕರಣ ಬಂತು. ಆ ಸಂಸ್ಥೆ ಪ್ರತಿ ವಿಷಯದ ಉತ್ತರಪತ್ರಿಕೆಯ ನಕಲಿಗೆ 500 ರೂಪಾಯಿ ಕೇಳ್ತಿತ್ತು. ಕೋರ್ಟ್ ಎರಡು ದಾರಿ ಇದೆ ಅಂದಿತು: ಸಂಸ್ಥೆಯ ನಿಯಮದಡಿ ಕೇಳಿದರೆ ಸಂಸ್ಥೆಯ ಶುಲ್ಕ, ಮಾಹಿತಿ ಹಕ್ಕಿನಡಿ ಕೇಳಿದರೆ ಮಾಹಿತಿ ಹಕ್ಕಿನ ಶುಲ್ಕ. ಯಾವ ದಾರಿ ಅನ್ನೋದು ನಿಮ್ಮ ಆಯ್ಕೆ. ಒಂದೇ ಎಚ್ಚರಿಕೆ: ಮಾಹಿತಿ ಹಕ್ಕಿನ 30 ದಿನ ಕಾಯ್ತಾ ಕೂತು ಮರುಮೌಲ್ಯಮಾಪನದ ಕೊನೆಯ ದಿನ ತಪ್ಪಿಸಿಕೊಳ್ಳಬೇಡಿ. ಎರಡೂ ಅರ್ಜಿ ಒಟ್ಟಿಗೆ ಹಾಕಿ.

ಭಾಷೆಯ ಮಾತು ಇಲ್ಲಿ ಬಂದೇ ಬರ್ತದೆ. ಶುಲ್ಕದ ಸುತ್ತೋಲೆ ಮಲಯಾಳದಲ್ಲೋ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬಂದರೆ ನಮ್ಮ ಮನೆಯ ಹಿರಿಯರಿಗೆ ಅದು ಅರ್ಥ ಆಗೋದಿಲ್ಲ. ಯಾವುದು ಕಡ್ಡಾಯ, ಯಾವುದು ಐಚ್ಛಿಕ ಅಂತ ತಿಳಿಯದೆ ಎಲ್ಲ ಕಟ್ಟಿ ಬರ್ತಾರೆ. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು ಅಂತ ಸಂವಿಧಾನದ 350ನೇ ವಿಧಿ ಹೇಳ್ತದೆ. ಹಾಗಾಗಿ ಕನ್ನಡದಲ್ಲೇ ಮನವಿ ಕೊಡಿ. ಮಾಹಿತಿ ಹಕ್ಕಿನ ಅರ್ಜಿ ಮಾತ್ರ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಇರಬೇಕು ಅಂತ ಕಾಯ್ದೆ ಹೇಳುವುದರಿಂದ, ಅದರ ಜೊತೆ ಇಂಗ್ಲಿಷ್ ಪ್ರತಿ ಇಟ್ಟರೆ ತಿರಸ್ಕಾರಕ್ಕೆ ನೆಪ ಸಿಗೋದಿಲ್ಲ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಪ್ರತಿ ಸೇವಾ ಶುಲ್ಕದ ಪಕ್ಕದಲ್ಲಿ ಅದರ ಖರ್ಚಿನ ಲೆಕ್ಕ ಒಂದು ಪುಟದಲ್ಲಿ ಪ್ರಕಟ ಆಗಲಿ. ದರ ಒಪ್ಪುವ ಸಮಿತಿಯಲ್ಲಿ ಒಬ್ಬ ವಿದ್ಯಾರ್ಥಿ, ಒಬ್ಬ ಸಂಶೋಧನಾ ವಿದ್ಯಾರ್ಥಿ ಕೂರಲಿ. ಸೇವೆ ಕೊಡುವ ವಿಭಾಗವೇ ತನ್ನ ದರ ತಾನೇ ಒಪ್ಪಿಕೊಳ್ಳೋದು ನಿಲ್ಲಲಿ. ಎರಡು ವರ್ಷಕ್ಕೊಮ್ಮೆ ಮರುಪರಿಶೀಲನೆ ಆಗಲಿ. ಉಳಿತಾಯ ಆದರೆ ದರ ಇಳಿಯಲಿ. ಹೇಳಿದ ದಿನದೊಳಗೆ ಸೇವೆ ಸಿಗದಿದ್ದರೆ ಶುಲ್ಕ ಹಿಂತಿರುಗಲಿ. ನಾವು ತಡ ಮಾಡಿದರೆ ದಂಡ ಇದೆ ಅಂದಮೇಲೆ ಅವರು ತಡ ಮಾಡಿದರೂ ಇರಬೇಕು.

ಕೆಲಸ ಇವತ್ತೇ ಶುರು ಮಾಡಬಹುದು. ನೀವು ಕೊನೆಯದಾಗಿ ಕಟ್ಟಿದ ರಸೀದಿ ಹುಡುಕಿ. ಅದರಲ್ಲಿರುವ ಒಂದೇ ಒಂದು ಶುಲ್ಕ ಆರಿಸಿ. ಅದನ್ನು ಒಪ್ಪಿದ ಸಭೆಯ ನಡಾವಳಿ, ದರದ ಹಿಂದಿನ ಖರ್ಚಿನ ಲೆಕ್ಕ, ಕಳೆದ ಮೂರು ವರ್ಷದಲ್ಲಿ ಆ ಬಾಬಿನಲ್ಲಿ ವಸೂಲಾದ ಮತ್ತು ಖರ್ಚಾದ ಮೊತ್ತ, ಆ ಬಗ್ಗೆ ಲೆಕ್ಕಪರಿಶೋಧನೆಯ ಆಕ್ಷೇಪಣೆ ಇದ್ದರೆ ಅದರ ಪ್ರತಿ, ಈ ನಾಲ್ಕನ್ನು ಕೇಳಿ ಅರ್ಜಿ ಹಾಕಿ. ಒಂದು ತಾಲೂಕಿನಿಂದ ಒಂದು ಅರ್ಜಿ ಹೋದರೂ ಸಾಕು. ಅಂಥ ಲೆಕ್ಕ ಇಟ್ಟೇ ಇಲ್ಲ ಅಂತ ಉತ್ತರ ಬಂದರೆ ಅದನ್ನೂ ಜೋಪಾನ ಮಾಡಿ, ಸಿಂಡಿಕೇಟಿಗೆ ಕೊಡುವ ಮನವಿಗೆ ಲಗತ್ತಿಸಿ. ಲೆಕ್ಕ ಇಲ್ಲದೆ ವಸೂಲಿ ಆಗ್ತಿದೆ ಅನ್ನೋದಕ್ಕೆ ಅವರೇ ಸಹಿ ಹಾಕಿ ಕೊಟ್ಟ ಸಾಕ್ಷಿ ಅದು.