ಮೊದಲ ಕರೆ ಯಾರಿಗೆ?

ಪುಣೆಯಿಂದ ಮಚಲೀಪಟ್ಟಣದವರೆಗೆ ಸಾಗುವ 65ನೆಯ ರಾಷ್ಟ್ರೀಯ ಹೆದ್ದಾರಿಯು ಬಸವಕಲ್ಯಾಣ ತಾಲ್ಲೂಕನ್ನು ಹಾದು ಹುಮನಾಬಾದನ್ನು ತಲುಪುತ್ತದೆ. ನಾಂದೇಡದಿಂದ ಬೀದರ್ ಮಾರ್ಗವಾಗಿ ಕಲಬುರಗಿಯ ಕಡೆಗೆ ಹೋಗುವ 50ನೆಯ ಹೆದ್ದಾರಿಯೂ ಹುಮನಾಬಾದಿನಲ್ಲಿಯೇ ಅದನ್ನು ಸಂಧಿಸುತ್ತದೆ. ಹಗಲಿರುಳೆನ್ನದೆ ಓಡುವ ಕಂಟೇನರ್ ಲಾರಿಗಳು, ಹಿಂಬದಿಯ ದೀಪವೂ ಇಲ್ಲದೆ ಸಾಗುವ ಕಬ್ಬಿನ ಟ್ರ್ಯಾಕ್ಟರುಗಳು, ಕೂಲಿಯಾಳುಗಳಿಂದ ತುಂಬಿ ತುಳುಕುವ ಕ್ರೂಸರುಗಳು, ಟಂಟಂಗಳು, ಎಲ್ಲಕ್ಕೂ ಇವೇ ದಾರಿಗಳು. ಒಳರಸ್ತೆಗಳೂ ಅಪಾಯದಿಂದ ಮುಕ್ತವಾಗಿಲ್ಲ. 2022ರ ನವೆಂಬರ್ 4ರ ಸಂಜೆ ಚಿಟಗುಪ್ಪ ತಾಲ್ಲೂಕಿನ ಬೇಮಳಖೇಡಾ ಬಳಿ ಆಟೋ ಮತ್ತು ಲಾರಿಯ ಡಿಕ್ಕಿಯಲ್ಲಿ, ಕೂಲಿ ಮುಗಿಸಿ ಮನೆಗೆ ಮರಳುತ್ತಿದ್ದ 7 ಮಂದಿ ಮಹಿಳೆಯರು ಅಸುನೀಗಿದುದನ್ನು ಜಿಲ್ಲೆಯ ಜನತೆ ಮರೆತಿರಲಾರದು.

ಅಪಘಾತ ನಡೆದ ಕೆಲವೇ ನಿಮಿಷಗಳಲ್ಲಿ ಜನ ಸೇರುತ್ತಾರೆ. ನಮ್ಮ ಭಾಗದ ಜನರಲ್ಲಿ ಮರುಕಕ್ಕೆ ಕೊರತೆಯಿಲ್ಲ. ಒಬ್ಬರು ನೀರು ತರುತ್ತಾರೆ, ಇನ್ನೊಬ್ಬರು ಗಾಯಾಳುವಿನ ತಲೆಯನ್ನು ಮಡಿಲಲ್ಲಿಟ್ಟುಕೊಳ್ಳುತ್ತಾರೆ. ಜೇಬಿನಿಂದ ಮೊಬೈಲುಗಳೂ ಹೊರಬರುತ್ತವೆ. ಆದರೆ ಕರೆ ಹೋಗುವುದು ಭಾವಮೈದುನನಿಗೆ, ಪಂಚಾಯಿತಿಯ ಸದಸ್ಯನಿಗೆ, ಪರಿಚಯದ ಪತ್ರಕರ್ತನಿಗೆ. ಯಾರ ಕೆಲಸವೇ ಈ ಕರೆಗೆ ಓಗೊಡುವುದಾಗಿದೆಯೋ ಅವರಿಗೆ ಸುದ್ದಿ ಮುಟ್ಟುವುದು ತಡವಾಗಿ. 'ಇಷ್ಟು ಹೊತ್ತಿಗೆ ಯಾರಾದರೂ ಮಾಡಿರುತ್ತಾರೆ' ಎಂದು ಪ್ರತಿಯೊಬ್ಬರೂ ಭಾವಿಸಿರುತ್ತಾರೆ.

ಈ ಭಾವನೆಯನ್ನು ಡಾರ್ಲಿ ಮತ್ತು ಲಟಾನೆ ಎಂಬ ಇಬ್ಬರು ಅಮೆರಿಕನ್ ಮನಶ್ಶಾಸ್ತ್ರಜ್ಞರು 1968ರಲ್ಲಿ ಪ್ರಯೋಗದ ಮೂಲಕ ಪರೀಕ್ಷಿಸಿದರು. ನೋಡುಗರ ಸಂಖ್ಯೆ ಹೆಚ್ಚಿದಷ್ಟೂ ಒಬ್ಬೊಬ್ಬರೂ ಮುಂದಾಗುವ ಸಂಭವ ಕಡಿಮೆಯಾಗುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. ರೊಟ್ಟಿಯನ್ನು ಹತ್ತು ಮಂದಿಗೆ ಹಂಚಿದರೆ ಒಬ್ಬೊಬ್ಬರಿಗೂ ಒಂದು ತುಣುಕಾದರೂ ಸಿಗುತ್ತದೆ. ಹೊಣೆಯನ್ನು ಹಾಗೆ ಹಂಚಿದರೆ ಯಾರ ಪಾಲಿಗೂ ಏನೂ ಉಳಿಯುವುದಿಲ್ಲ. ನೀತಿಶಾಸ್ತ್ರವು ಮಾಡಿದ ಕಾರ್ಯದಂತೆಯೇ ಮಾಡದೆ ಬಿಟ್ಟದ್ದನ್ನೂ ವಿಚಾರಣೆಗೆ ಒಳಪಡಿಸುವುದು ಇದಕ್ಕಾಗಿಯೇ. ಪರಿಹಾರ ಮಾತ್ರ ಸರಳ. ಗುಂಪನ್ನು ಉದ್ದೇಶಿಸಿ 'ಯಾರಾದರೂ ಫೋನ್ ಮಾಡಿರಿ' ಎಂದು ಕೂಗಬಾರದು. ಒಬ್ಬನತ್ತ ಬೆರಳು ತೋರಿ, 'ತಮ್ಮಾ, ನೀನು 108ಕ್ಕೆ ಹಚ್ಚು, ಅವರೇನಂದರು ನನಗೆ ಹೇಳು' ಎನ್ನಬೇಕು. ಕರೆ ಎರಡು ಬಾರಿ ಹೋದರೆ ಹಾನಿಯಿಲ್ಲ.

ಜನ ಹಿಂಜರಿಯಲು ಇನ್ನೊಂದು ಕಾರಣವೂ ಇದೆ: ಭಯ. ಪೊಲೀಸರು ಠಾಣೆಗೆ ಕರೆಯುತ್ತಾರೆ, ನ್ಯಾಯಾಲಯಕ್ಕೆ ಅಲೆಯಬೇಕಾಗುತ್ತದೆ, ಆಸ್ಪತ್ರೆಯವರು ತಂದವನಿಂದಲೇ ಹಣ ಕೇಳುತ್ತಾರೆ ಎಂಬ ಭಯ. ಅದು ನಿರಾಧಾರವಾಗಿತ್ತೆಂದು ನಾವು ಹೇಳಲಾರೆವು. ಆದರೆ ಕಾನೂನು ಬದಲಾಗಿದೆ. ಗಾಯಾಳುವಿನ ಜೀವ ಉಳಿಸುವುದೇ ವೈದ್ಯನ ಮೊದಲ ಕರ್ತವ್ಯ, ಪೊಲೀಸರ ಕಾಗದಪತ್ರ ಆಮೇಲಿನದು ಎಂದು ಸರ್ವೋಚ್ಚ ನ್ಯಾಯಾಲಯವು ಪರಮಾನಂದ ಕಟಾರಾ ಪ್ರಕರಣದಲ್ಲಿ 1989ರಲ್ಲಿಯೇ ತೀರ್ಪಿತ್ತಿತು. 2016ರ ಮಾರ್ಚ್ 30ರಂದು ಅದೇ ನ್ಯಾಯಾಲಯವು ನೆರವಿಗೆ ಬಂದವರ ರಕ್ಷಣೆಯ ಮಾರ್ಗಸೂಚಿಗಳಿಗೆ ಕಾನೂನಿನ ಬಲ ನೀಡಿತು. ನಮ್ಮ ರಾಜ್ಯದ ವಿಧಾನಮಂಡಲವು ಈ ವಿಷಯದಲ್ಲಿ ತನ್ನದೇ ಮಸೂದೆಯನ್ನು ಅಂಗೀಕರಿಸಿತು. 2018ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆಯಿತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ 134ಎ ಎಂಬ ಕಲಮು ಸೇರಿತು. ಈಗ ಕರೆ ಮಾಡಿದವನು ತನ್ನ ಹೆಸರು ವಿಳಾಸ ಹೇಳಲೇಬೇಕೆಂಬ ಬಲವಂತವಿಲ್ಲ, ಸಾಕ್ಷಿಯಾಗಲೇಬೇಕೆಂಬ ಕಟ್ಟುಪಾಡಿಲ್ಲ. ಆಸ್ಪತ್ರೆಗೆ ಕರೆತಂದವನನ್ನು ಹಣಕ್ಕಾಗಿ ತಡೆದು ನಿಲ್ಲಿಸುವಂತಿಲ್ಲ. 2025ರ ಮೇ 5ರಂದು ಕೇಂದ್ರ ಸರಕಾರವು ಅಧಿಸೂಚಿಸಿದ ಯೋಜನೆಯಂತೆ, ರಸ್ತೆ ಅಪಘಾತದ ಗಾಯಾಳುವಿಗೆ ಯೋಜನೆಗೆ ಒಳಪಟ್ಟ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ, 1.5 ಲಕ್ಷ ರೂಪಾಯಿಯ ಮಿತಿಯೊಳಗೆ ನಗದುರಹಿತ ಚಿಕಿತ್ಸೆ ದೊರೆಯಬೇಕು.

ಈ ಕಾನೂನುಗಳು ನೆರವಾದವನನ್ನು 'ಗುಡ್ ಸಮಾರಿಟನ್' ಎಂದು ಕರೆಯುತ್ತವೆ. ಸಂತ ಲೂಕರ ಶುಭಸಂದೇಶದ ಸಾಮತಿಯಿಂದ ಎರವಲು ಪಡೆದ ಹೆಸರು ಅದು. ಜೆರಿಕೊದ ದಾರಿಯಲ್ಲಿ ಬಿದ್ದಿದ್ದವನನ್ನು ಕಂಡೂ ಮೊದಲು ಪಕ್ಕಕ್ಕೆ ಸರಿದುಹೋದವನು ಒಬ್ಬ ಯಾಜಕ ಎಂಬ ಅಂಶವನ್ನು ನಮ್ಮಂಥ ಗುರುಗಳು ಪ್ರಬೋಧನೆಯಲ್ಲಿ ತುಸು ಬೇಗನೆ ದಾಟಿಬಿಡುವುದುಂಟು! ಸಮಾರಿಯದವನಾದರೋ ಗಾಯ ಕಟ್ಟಿ ಅಲ್ಲಿಗೇ ಬಿಡಲಿಲ್ಲ. ಆರೈಕೆ ಮಾಡಬಲ್ಲ ಛತ್ರದವನ ಕೈಗೆ ಆತನನ್ನು ಒಪ್ಪಿಸಿದನು. ಬಲ್ಲವರ ಕೈಗೆ ಒಪ್ಪಿಸುವುದೇ ಇಂದಿನ ದೂರವಾಣಿ ಕರೆಯ ಕೆಲಸವೂ ಆಗಿದೆ.

ತುರ್ತು ಸಂಖ್ಯೆಯೆಂಬುದು ಹುಟ್ಟಿದ್ದು ನೆರೆಯವನೊಬ್ಬನ ಅಳಲಿನಿಂದ. 1935ರ ನವೆಂಬರಿನಲ್ಲಿ ಲಂಡನ್ನಿನ ವಿಂಪೋಲ್ ಬೀದಿಯ ಮನೆಯೊಂದಕ್ಕೆ ಬೆಂಕಿ ಬಿದ್ದು ಐವರು ಮಹಿಳೆಯರು ಮಡಿದರು. ಅಗ್ನಿಶಾಮಕ ದಳವನ್ನು ಕರೆಯಲು ಯತ್ನಿಸಿದ ನೆರೆಯವನ ಕರೆಯು ದೂರವಾಣಿ ವಿನಿಮಯ ಕೇಂದ್ರದ ಸರದಿಯಲ್ಲಿ ಸಿಲುಕಿಕೊಂಡಿತ್ತು. ಆತ ಪತ್ರಿಕೆಗೆ ಬರೆದು ಪ್ರತಿಭಟಿಸಿದನು. 1937ರ ಜೂನ್ 30ರಂದು ಅಲ್ಲಿ 999 ಸಂಖ್ಯೆ ಆರಂಭವಾಯಿತು. ನಮ್ಮಲ್ಲಿ ಅಂಥದ್ದು ಬರಲು ಬಹುಕಾಲ ಹಿಡಿಯಿತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಗಡಿಯಾಚೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿ ಸಾವಿರಾರು ಜನ ಮಣ್ಣುಪಾಲಾದಾಗ, ಆಂಬುಲೆನ್ಸ್ ಕರೆಸಲು ಹಳ್ಳಿಗರ ಕೈಯಲ್ಲಿ ಫೋನೂ ಇರಲಿಲ್ಲ, ಒತ್ತಲು ಇಂದಿನಂಥ ಸಂಖ್ಯೆಯೂ ಇರಲಿಲ್ಲ.

ಕರ್ನಾಟಕದಲ್ಲಿ 108ರ ಆಂಬುಲೆನ್ಸ್ ಸೇವೆ 2008ರ ನವೆಂಬರಿನಲ್ಲಿ ಪ್ರಾರಂಭವಾಯಿತು. ಕರೆಗೂ ಸಾರಿಗೆಗೂ ಶುಲ್ಕವಿಲ್ಲ. ಬಸವಕಲ್ಯಾಣದ ಬಸವಣ್ಣನವರ ಬೃಹತ್ ಪ್ರತಿಮೆಯ ಎತ್ತರವೂ 108 ಅಡಿ. ಸಂಖ್ಯೆ ಮರೆಯುವವರು ಅತ್ತ ನೋಡಿ ನೆನೆಸಿಕೊಳ್ಳಬಹುದು. ಪೊಲೀಸರ ನೆರವಿಗೆ 112, ಬೆಂಕಿಗೆ 112 ಅಥವಾ ಹಳೆಯ 101. ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ರಾಸಾಯನಿಕ ಘಟಕಗಳಿರುವುದರಿಂದ ಅಲ್ಲಿನ ಕಾರ್ಮಿಕರ ಮನೆಗಳಲ್ಲಂತೂ ಈ ಸಂಖ್ಯೆ ಗೋಡೆಯ ಮೇಲಿರಬೇಕು. ರಾಷ್ಟ್ರೀಯ ಹೆದ್ದಾರಿಯಲ್ಲಿ 1033. ಒಂದೇ ಸಂಖ್ಯೆ ನೆನಪಿನಲ್ಲಿ ಉಳಿಯುವುದಾದರೆ 112 ಇರಲಿ. ಕೀಲಿ ಹಾಕಿದ ಮೊಬೈಲಿನಿಂದಲೂ ಅದು ಹೋಗುತ್ತದೆ.

ಯಾವಾಗ ಕರೆಯಬೇಕು? ಸಂದೇಹ ಬಂದಾಗಲೇ ಕರೆಯಬೇಕು. ಎಷ್ಟು ಗಂಭೀರ ಎಂದು ತೀರ್ಮಾನಿಸುವುದು ಕರೆ ಮಾಡುವವನ ಕೆಲಸವಲ್ಲ, ಕಂಡದ್ದನ್ನು ತಿಳಿಸುವುದಷ್ಟೇ ಆತನ ಕೆಲಸ. ಎದೆ ಹಿಂಡಿದಂತಾಗಿ ಬೆವರು ಒಡೆದಾಗ 'ಗ್ಯಾಸ್ ಇರಬೇಕು' ಎಂದು ಸೋಡಾ ಕುಡಿಸಿ ಬೆಳಗಿನವರೆಗೆ ಕಾಯುವ ಮನೆಗಳಿವೆ. ಬಾಯಿ ಸೊಟ್ಟಗಾಗಿ, ತೋಳು ಜೋತುಬಿದ್ದು, ಮಾತು ತೊದಲಿದರೆ ಅದು ಲಕ್ವಾ; ಮಿದುಳಿನ ರಕ್ತದ ಹೆಪ್ಪನ್ನು ಕರಗಿಸುವ ಔಷಧಕ್ಕೆ ಇರುವ ಅವಧಿ ಸುಮಾರು ನಾಲ್ಕೂವರೆ ಗಂಟೆ ಮಾತ್ರ. ನಾಟಿ ಮದ್ದಿನವರನ್ನು ಹುಡುಕಿ ಹೊರಡುವಷ್ಟರಲ್ಲಿ ಆ ಅವಧಿ ಕಳೆದುಹೋಗುತ್ತದೆ. ಕಬ್ಬಿನ ಗದ್ದೆಯಲ್ಲಿ ಹಾವು ಕಡಿದರೆ ಕೊಯ್ಯುವುದು, ಬಿಗಿದು ಕಟ್ಟುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಕಡಿದ ಅಂಗವನ್ನು ಅಲುಗಿಸದಂತೆ ಇರಿಸಿ ಕರೆ ಮಾಡಬೇಕು. ಕೀಟನಾಶಕ ಕುಡಿದವರನ್ನು ಮರ್ಯಾದೆಯ ಅಂಜಿಕೆಯಿಂದ ಮನೆಯಲ್ಲೇ ಮುಚ್ಚಿಡುವ ಕುಟುಂಬಗಳಿಗೆ ನಾವು ಹೇಳುವುದಿಷ್ಟೇ: ಮೊದಲು ಜೀವ, ಮಿಕ್ಕದ್ದನ್ನು ಆಮೇಲೆ ನೋಡಿಕೊಳ್ಳೋಣ.

ಹೇಗೆ ಮಾತನಾಡಬೇಕೆಂಬುದು ಅಷ್ಟೇ ಮುಖ್ಯ. ಕರೆ ಸ್ವೀಕರಿಸುವವರು ಬೆಂಗಳೂರಿನಂಥ ದೂರದ ಊರಿನಲ್ಲಿ ಕುಳಿತಿರುತ್ತಾರೆ. 'ಗೌಡರ ಹೊಲದ ಬಾಜೂಕ' ಎಂದರೆ ಅವರಿಗೆ ತಿಳಿಯದು. ನಮ್ಮ ಕಡೆ ಒಂದೇ ಹೆಸರಿನ ಊರುಗಳು ಬೇರೆ. ಹಳ್ಳಿಖೇಡ (ಬಿ) ಎಂದೂ ಇದೆ, ಹಳ್ಳಿಖೇಡ (ಕೆ) ಎಂದೂ ಇದೆ. ಬುಜುರ್ಗವೋ ಖುರ್ದೋ ಎಂಬ ಒಂದು ಅಕ್ಷರ ಬಿಟ್ಟರೆ ಗಾಡಿ ಬೇರೆ ಊರಿಗೆ ಹೋದೀತು. ಗಡಿಯ ಹಳ್ಳಿಗಳಲ್ಲಿ ಮೊಬೈಲು ನೆರೆಯ ರಾಜ್ಯದ ಗೋಪುರವನ್ನು ಹಿಡಿಯುವುದೂ ಉಂಟು. ಮಹಾರಾಷ್ಟ್ರದಲ್ಲಿಯೂ ತೆಲಂಗಾಣದಲ್ಲಿಯೂ ಆಂಬುಲೆನ್ಸಿನ ಸಂಖ್ಯೆ 108 ಆಗಿರುವುದರಿಂದ ಕರೆ ಅಲ್ಲಿಗೆ ಹೋಗಬಹುದು. ಆದುದರಿಂದ ಮೊದಲ ವಾಕ್ಯವೇ 'ಕರ್ನಾಟಕ, ಬೀದರ್ ಜಿಲ್ಲೆ, ಬಸವಕಲ್ಯಾಣ ತಾಲ್ಲೂಕು' ಎಂದಿರಲಿ. ಅನಂತರ ಊರು, ಹೆದ್ದಾರಿಯಾದರೆ ಸಮೀಪದ ಕಿಲೋಮೀಟರ್ ಕಲ್ಲಿನ ಅಂಕೆ, ಯಾವ ದಿಕ್ಕಿಗೆ ಹೋಗುವ ಬದಿ ಎಂಬುದು. ಏನಾಯಿತು, ಎಷ್ಟು ಜನ, ಉಸಿರಾಡುತ್ತಿದ್ದಾರೆಯೇ ಎಂಬುದು ಅದರ ಬಳಿಕ. ಅವರು ಹೇಳುವ ಮುನ್ನ ಫೋನ್ ಇಡಬಾರದು. ಗಾಡಿ ಬರುವವರೆಗೆ ಏನು ಮಾಡಬೇಕೆಂಬುದನ್ನೂ ಅವರಿಂದಲೇ ಕೇಳಿ ತಿಳಿಯಬಹುದು. ಒಬ್ಬರು ಟಾರ್ಚ್ ಹಿಡಿದು ರಸ್ತೆಯ ತಿರುವಿನಲ್ಲಿ ನಿಂತಿರಬೇಕು.

'ಕರೆದರೂ ಬರುವುದಿಲ್ಲ' ಎಂಬ ದೂರನ್ನು ನಾವು ತಳ್ಳಿಹಾಕುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ತಾಂತ್ರಿಕ ದೋಷದಿಂದ 108ರ ಕರೆಗಳೇ ರಾಜ್ಯಾದ್ಯಂತ ಅಸ್ತವ್ಯಸ್ತಗೊಂಡಿದ್ದವು. ಗಾಡಿಗಳ ಕೊರತೆಯನ್ನು ನೀಗಿಸುವುದು ಸರಕಾರದ ಹೊಣೆ. ಅದನ್ನು ಶಾಸಕರ ಮುಂದಿಡುವುದು ನಮ್ಮ ಹಕ್ಕು. ತಾಲ್ಲೂಕು ಆಸ್ಪತ್ರೆ ಹತ್ತಿರವಿದ್ದು, ಆಂಬುಲೆನ್ಸ್ ತಡವೆಂದು ಗೊತ್ತಾಗಿ, ವಾಹನ ಸಿದ್ಧವಿದ್ದರೆ ಹೊರಡುವುದೇ ಲೇಸು. ಆದರೂ ಕರೆ ಮಾಡಿಯೇ ಹೊರಡಬೇಕು. ಕತ್ತು ಬೆನ್ನಿಗೆ ಪೆಟ್ಟಾದವರನ್ನು ಮಾತ್ರ, ಬೆಂಕಿಯಂಥ ಅಪಾಯ ಎದುರಿಗಿಲ್ಲದಿದ್ದರೆ, ಕೈಕಾಲು ಹಿಡಿದೆಳೆದು ಟಂಟಂಗೆ ತುಂಬಬಾರದು.

ಕಬ್ಬಿನ ಹಂಗಾಮು ಆರಂಭವಾಗುವ ಮೊದಲೇ ನಮ್ಮ ಧರ್ಮಕೇಂದ್ರಗಳ ಯುವಜನರು ಊರಿನ ಇತರ ತರುಣರೊಡನೆ ಸೇರಿ ಒಂದು ಕೆಲಸ ಮಾಡಬಹುದು. ಶಾಲೆ, ಬಸ್ ತಂಗುದಾಣ, ಹೆದ್ದಾರಿಯ ಢಾಬಾಗಳ ಗೋಡೆಗಳ ಮೇಲೆ, ಆಯಾ ಮಾಲೀಕರ ಒಪ್ಪಿಗೆ ಪಡೆದು, 108 ಮತ್ತು 112ರ ಕೆಳಗೆ ಆ ಸ್ಥಳದ ಪೂರ್ಣ ಹೆಸರು, ತಾಲ್ಲೂಕು, ಸಮೀಪದ ಕಿಲೋಮೀಟರ್ ಅಂಕೆಯನ್ನು ದಪ್ಪ ಅಕ್ಷರಗಳಲ್ಲಿ ಬರೆಯಿಸಲಿ. ಕನ್ನಡದೊಂದಿಗೆ ಹಿಂದಿಯಲ್ಲಿಯೂ ಬರೆದರೆ ಪರರಾಜ್ಯದ ಲಾರಿ ಚಾಲಕರಿಗೂ ಓದಲು ಬರುತ್ತದೆ.