ಆಟದ ಗಣಕಯಂತ್ರವೂ ನಮ್ಮ ಎರಡು ಕಿವಿಗಳೂ

ಆಟವಾಡಲೆಂದು ಗಣಕಯಂತ್ರವನ್ನು ಕೊಳ್ಳುವ ವಿದ್ಯಾರ್ಥಿಗಳು ಅದರ ಒಳಗಿನ ಅಂಗಗಳನ್ನು ವಾರಗಟ್ಟಲೆ ತೂಗಿನೋಡಿ ಆರಿಸುತ್ತಾರೆ. ಹೆಡ್‌ಫೋನು, ಮೌಸು, ಕೀಲಿಮಣೆಗಳ ಸರದಿ ಬಂದಾಗ ಮಾತ್ರ ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿಗಳಿಗೆ ಮರುಳಾಗುತ್ತಾರೆ. ಆದರೆ ಈ ಉಪಕರಣಗಳು ಸೇವೆ ಸಲ್ಲಿಸಬೇಕಾದುದು ನಮ್ಮ ಇಂದ್ರಿಯಗಳಿಗೆ. ಆದುದರಿಂದ ಇಂದ್ರಿಯಗಳ ಇತಿಮಿತಿಯನ್ನು ಅರಿತು ಅವನ್ನು ಆರಿಸುವುದೇ ಯುಕ್ತವೆಂದು ನನ್ನ ಅಭಿಪ್ರಾಯ.

ಮೊದಲು ಕಿವಿಯ ವಿಚಾರ. ‘ಕೌಂಟರ್-ಸ್ಟ್ರೈಕ್’ನಂತಹ ಆಟದಲ್ಲಿ ಗೋಡೆಯಾಚೆಯ ಹೆಜ್ಜೆಯ ಸಪ್ಪಳ ಯಾವ ಕಡೆಯದೆಂದು ಗುರುತಿಸುವುದರಲ್ಲಿಯೇ ಸೋಲು ಗೆಲುವು ಅಡಗಿರಬಹುದು. ಅದಕ್ಕೆ 7.1 ವಾಹಿನಿಗಳ ಹೆಡ್‌ಫೋನು ಬೇಕೆಂದು ಜಾಹೀರಾತುಗಳು ಸಾರುತ್ತವೆ. ನಮಗಿರುವುದಾದರೋ ಎರಡೇ ಕಿವಿ! ಬಲಗಡೆಯಿಂದ ಬಂದ ಶಬ್ದ ಬಲಗಿವಿಗಿಂತ ಎಡಗಿವಿಗೆ ಸುಮಾರು 0.6 ಮಿಲಿಸೆಕೆಂಡು ತಡವಾಗಿ ಮುಟ್ಟುತ್ತದೆ. ತಲೆ ಅಡ್ಡವಿರುವುದರಿಂದ ಅದರ ಬಲವೂ ಕುಗ್ಗುತ್ತದೆ. ತಗ್ಗು ಸ್ವರಗಳಲ್ಲಿ ಕಾಲದ ಅಂತರವೂ ಎತ್ತರದ ಸ್ವರಗಳಲ್ಲಿ ಬಲದ ಅಂತರವೂ ದಿಕ್ಕನ್ನು ಸೂಚಿಸುತ್ತವೆಂದು ಲಾರ್ಡ್ ರ‍್ಯಾಲೆ 1907ರಲ್ಲಿಯೇ ವಿವರಿಸಿದನು. ಹಿಂದು-ಮುಂದು, ಮೇಲು-ಕೆಳಗೆಂಬ ಭೇದವನ್ನು, ಹೊರಗಿವಿಯ ಮಡಿಕೆಗಳು ಶಬ್ದದಲ್ಲಿ ಉಂಟುಮಾಡುವ ಮಾರ್ಪಾಟಿನಿಂದ ಮಿದುಳು ಕಂಡುಕೊಳ್ಳುತ್ತದೆ. ಈ ಮಾರ್ಪಾಟನ್ನು ಲೆಕ್ಕಹಾಕಿ ಎರಡೇ ವಾಹಿನಿಗಳಲ್ಲಿ ಕಳುಹಿಸುವ ಏರ್ಪಾಡು ಆ ಆಟದಲ್ಲಿಯೇ ಉಂಟು. ಅದರ ಮೇಲೆ ಹೆಡ್‌ಫೋನಿನ ಕೃತಕ 7.1ನ್ನೂ ಹೂಡಿದರೆ ಒಂದೇ ಸಂಸ್ಕಾರ ಎರಡು ಬಾರಿ ನಡೆದು ದಿಕ್ಕು ಕಲಸಿಹೋಗುತ್ತದೆ. ಒಳ್ಳೆಯ ಸಾದಾ ಸ್ಟೀರಿಯೊ ಹೆಡ್‌ಫೋನೇ ಸಾಕು.

ಉಳಿದ ಅಂಕಿಗಳ ಗತಿಯೂ ಹೀಗೆಯೇ. ಎಳೆಯ ಕಿವಿಯೂ ಸುಮಾರು 20,000 ಹರ್ಟ್ಸ್‌ಗಿಂತ ಮೇಲಿನ ಸ್ವರವನ್ನು ಕೇಳಲಾರದು. ಹೀಗಿರುವಲ್ಲಿ 40,000 ಹರ್ಟ್ಸ್‌ವರೆಗೆ ನುಡಿಯುವ ಹೆಡ್‌ಫೋನಿನಿಂದ ಏನು ಲಾಭ? ಸೆಕೆಂಡಿಗೆ 1,000 ಬಾರಿ ವರದಿ ಮಾಡುವ ಮೌಸಿಗೆ ಬದಲಾಗಿ 8,000 ಬಾರಿ ವರದಿ ಮಾಡುವುದನ್ನು ಕೊಂಡರೆ ಉಳಿಯುವುದು ಒಂದು ಮಿಲಿಸೆಕೆಂಡಿಗೂ ಕಡಮೆ. ಕಂಡೊಡನೆ ಬೆರಳೊತ್ತಲು ನಮಗೆ ಬೇಕಾಗುವ ಕಾಲವಾದರೋ ಸುಮಾರು 200 ಮಿಲಿಸೆಕೆಂಡು.

ಹಾಗೆಂದು ಎಲ್ಲ ಅಂಕಿಗಳೂ ಹುಸಿಯಲ್ಲ. ಸಾಮಾನ್ಯ ಬ್ಲೂಟೂತ್ ಹೆಡ್‌ಫೋನುಗಳಲ್ಲಿ ಶಬ್ದವು 100 ಮಿಲಿಸೆಕೆಂಡಿಗಿಂತಲೂ ಹೆಚ್ಚು ತಡವಾಗುವುದುಂಟು. ಅವುಗಳ ಮೈಕನ್ನು ಬಳಸಿದೊಡನೆ ಧ್ವನಿಯ ಗುಣವೂ ಅನೇಕ ವೇಳೆ ಇಳಿಯುತ್ತದೆ. ಆಟಕ್ಕೆ ತಂತಿಯ ಹೆಡ್‌ಫೋನೇ ಲೇಸು. ಪ್ರತ್ಯೇಕ ಧ್ವನಿಫಲಕವಾದರೋ, ಯಂತ್ರದಲ್ಲಿಯೇ ಇರುವ ಧ್ವನಿಮಂಡಲದಿಂದ ಗುಂಯ್‌ಗುಡುವ ಸದ್ದು ಕೇಳಿಬಂದಾಗ ಮಾತ್ರ ಅವಶ್ಯಕ.

ಆದರೆ ಯಾವ ಪೆಟ್ಟಿಗೆಯ ಮೇಲೂ ದೊಡ್ಡಕ್ಷರದಲ್ಲಿ ಕಾಣದ ಅಂಕಿಯೊಂದುಂಟು. ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೂ 2019ರಲ್ಲಿ ಪ್ರಕಟಿಸಿದ ಮಾನದಂಡದಂತೆ, ವಯಸ್ಕರು 80 ಡೆಸಿಬೆಲ್ ಶಬ್ದವನ್ನು ವಾರಕ್ಕೆ 40 ಗಂಟೆ ಕೇಳಬಹುದು. ಪ್ರತಿ 3 ಡೆಸಿಬೆಲ್ ಏರಿಕೆಗೂ ಈ ಅವಧಿ ಅರ್ಧವಾಗುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ ಕೇವಲ 5. ಮಕ್ಕಳಿಗೆ ಹೇಳಿರುವ ಮಿತಿ ಇನ್ನೂ ಕೆಳಗಿನದು. ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸುವ ಸುಮಾರು 15,000 ರೋಮಕೋಶಗಳಿವೆ. ಗುಂಡಿನ ಶಬ್ದದ ನಡುವೆ ಹೆಜ್ಜೆಯ ಸಪ್ಪಳವನ್ನು ಹಿಡಿಯಲೆಂದು ಧ್ವನಿಯನ್ನು ಏರಿಸುತ್ತ ಹೋದರೆ ಅವು ನಶಿಸುತ್ತವೆ; ನಶಿಸಿದವು ಮನುಷ್ಯನಲ್ಲಿ ಮರಳಿ ಹುಟ್ಟುವುದಿಲ್ಲ. ಕೆಟ್ಟ ಮೌಸನ್ನು ಮರುದಿನ ಬದಲಿಸಬಹುದು, ಕಿವಿಯನ್ನು ಬದಲಿಸಲಾದೀತೆ?

ಆದುದರಿಂದ ಕಿವಿಯನ್ನು ಪೂರ್ತಿಯಾಗಿ ಮುಚ್ಚಿ, ಹೊರಗಿನ ಗದ್ದಲವನ್ನು ತಡೆದು, ಮೆಲುದನಿಯಲ್ಲಿಯೂ ಸ್ಪಷ್ಟವಾಗಿ ಕೇಳಿಸುವ ಹೆಡ್‌ಫೋನನ್ನು ಆರಿಸಿಕೊಳ್ಳಿರಿ. ಅಂಗಡಿಯಲ್ಲಿ ಧರಿಸಿ ನೋಡುವಾಗ ಧ್ವನಿ ಎಷ್ಟು ಏರುತ್ತದೆಂದು ಪರೀಕ್ಷಿಸಬೇಡಿರಿ. ಎಷ್ಟು ಇಳಿಸಿದರೂ ಸ್ಪಷ್ಟವಾಗಿ ಕೇಳಿಸುತ್ತದೆಂದು ಪರೀಕ್ಷಿಸಿರಿ. ಇಂದಿನ ಆಟದ ಹೆಜ್ಜೆಯ ಸಪ್ಪಳವನ್ನು ಕೇಳುವ ಕಿವಿಗಳೇ ಮುಂದೆ ಐವತ್ತು ವರ್ಷ ಸಂಗೀತವನ್ನೂ ಮನೆಯವರ ಮಾತನ್ನೂ ಕೇಳಬೇಕಾಗಿವೆ.