ಹತ್ತರಲ್ಲೇ ನಿಂತ ಗುಂಡಿ

ಎಲೆಕ್ಟ್ರಿಕ್ ಗಿಟಾರಿನ ಮೈಮೇಲೆ ಸಾಮಾನ್ಯವಾಗಿ ಎರಡು ಬಗೆಯ ಗುಂಡಿಗಳಿರುತ್ತವೆ. ಒಂದು ದನಿಯನ್ನು ಏರಿಸಿ ಇಳಿಸುವುದು. ಇನ್ನೊಂದು ದನಿಯ ಬಣ್ಣವನ್ನು ಬದಲಿಸುವುದು. ಮೊದಲನೆಯದರ ಮೇಲೆ ಎಲ್ಲರ ಕೈಯೂ ಹೋಗುತ್ತದೆ. ‘ಟೋನ್’ ಎಂದು ಕರೆಸಿಕೊಳ್ಳುವ ಎರಡನೆಯದು ಮಾತ್ರ, ಅಂಗಡಿಯಿಂದ ಮನೆಗೆ ಬಂದ ದಿನ ಹತ್ತರ ಅಂಕೆಯ ಮೇಲೆ ನಿಂತದ್ದು, ಗಿಟಾರು ಹಳತಾಗಿ ಇನ್ನೊಬ್ಬರ ಕೈ ಸೇರುವ ತನಕ ಅಲ್ಲಿಯೇ ನಿಂತಿರುತ್ತದೆ. ಏಕೆಂದು ಕೇಳಿದರೆ ಉತ್ತರ ಸಿದ್ಧವಾಗಿದೆ: “ಇಳಿಸಿದರೆ ದನಿ ಮಂಕಾಗುತ್ತದೆ, ಅಷ್ಟೇ.” ಈ ಉತ್ತರವನ್ನು ಕೊಡುವವರಲ್ಲಿ ಬಹುಮಂದಿ ಆ ಗುಂಡಿಯನ್ನು ತಿರುಗಿಸಿ, ಐದು ನಿಮಿಷ ನುಡಿಸಿ, ಕಿವಿಗೊಟ್ಟು ಕೇಳಿದವರಲ್ಲ ಎಂಬುದು ನನ್ನ ಆಪಾದನೆ.

ಗುಂಡಿಯ ಕೆಲಸವೇನೆಂದು ಮೊದಲು ನೋಡೋಣ. ತಂತಿಯ ಕಂಪನವನ್ನು ಪಿಕಪ್ಪಿನ ಆಯಸ್ಕಾಂತವೂ ಅದರ ಸುತ್ತಣ ತಂತಿಯ ಸುರುಳಿಯೂ ಸೇರಿ ವಿದ್ಯುತ್ತನ್ನಾಗಿ ಮಾಡುತ್ತವೆ. ಟೋನ್ ಗುಂಡಿಯ ಅಡಿಯಲ್ಲಿರುವುದು ಒಂದು ಹೊಂದಿಕೆಯ ರೋಧಕ. ಸಾಧಾರಣವಾಗಿ 2,50,000 ಇಲ್ಲವೆ 5,00,000 ಓಮ್. ಅದಕ್ಕೆ ಅಂಟಿಕೊಂಡು 0.022 ಅಥವಾ 0.047 ಮೈಕ್ರೋಫ್ಯಾರಡಿನ ಒಂದು ಪುಟ್ಟ ಕೆಪ್ಯಾಸಿಟರ್. ಗುಂಡಿಯನ್ನು ಇಳಿಸಿದಂತೆಲ್ಲ ಹೆಚ್ಚು ವೇಗದ ಕಂಪನಗಳು, ಎಂದರೆ ನಾದದ ಮೊನೆಯ ಅಂಶಗಳು, ಈ ಕಿರುದಾರಿಯಲ್ಲಿ ನೆಲಕ್ಕೆ ಹರಿದುಹೋಗುತ್ತವೆ. ಬ್ಯಾಟರಿಯಿಲ್ಲ, ಯಂತ್ರವಿಲ್ಲ. ಆದರೆ ಪೂರ್ತಿ ತಳಕ್ಕೆ ಇಳಿಸಿದಾಗ ಒಂದು ಸೋಜಿಗ ನಡೆಯುತ್ತದೆ. ಪಿಕಪ್ಪಿನ ಸುರುಳಿಗೆ ತನ್ನದೇ ಆದ ಒಂದು ಅನುರಣನದ ನೆಲೆಯುಂಟು. ಸಾಮಾನ್ಯವಾಗಿ ಅದು ಕೆಲವು ಸಾವಿರ ಹರ್ಟ್ಸಿನ ಎತ್ತರದಲ್ಲಿರುತ್ತದೆ. ಕೆಪ್ಯಾಸಿಟರ್ ಪೂರ್ಣವಾಗಿ ಕೂಡಿಕೊಂಡಾಗ ಆ ಶಿಖರ ಕೆಲವು ನೂರು ಹರ್ಟ್ಸಿಗೆ ಜಾರುತ್ತದೆ. ಆಗ ಹುಟ್ಟುವುದು ಬರಿಯ ಮಂಕುದನಿಯಲ್ಲ. ಮನುಷ್ಯನ ಕಂಠದ ‘ಊ’ಕಾರವನ್ನು ನೆನಪಿಗೆ ತರುವ, ತನ್ನದೇ ಗುಣವುಳ್ಳ ಬೇರೆ ದನಿ.

ಇದನ್ನು ಲೋಕಕ್ಕೆ ಕೇಳಿಸಿದವನು ಎರಿಕ್ ಕ್ಲ್ಯಾಪ್ಟನ್. 1967ರಲ್ಲಿ ‘ಕ್ರೀಮ್’ ತಂಡದ ‘ಡಿಸ್ರೇಲಿ ಗಿಯರ್ಸ್’ ಧ್ವನಿಮುದ್ರಿಕೆ ಹೊರಬಂದಾಗ, ಟೋನ್ ಗುಂಡಿಯನ್ನು ತಳಕ್ಕಿಳಿಸಿ, ಆಂಪ್ಲಿಫೈಯರನ್ನು ದನಿ ಒಡೆಯುವಷ್ಟು ಏರಿಸಿ ಅವನು ಪಡೆದ ನಾದಕ್ಕೆ ‘ವುಮನ್ ಟೋನ್’ ಎಂಬ ಹೆಸರೇ ನಿಂತಿತು. ರಾಯ್ ಬುಕಾನನ್ (1939–1988) ಇನ್ನೂ ಮುಂದೆ ಹೋದ. ಟೆಲಿಕಾಸ್ಟರ್ ಗಿಟಾರಿನ ಗುಂಡಿಗಳನ್ನು ಕಿರುಬೆರಳಿನಿಂದ ತಿರುಗಿಸುತ್ತಲೇ ನುಡಿಸಿ, ತಂತಿಯಿಂದ ಅಳುವನ್ನೂ ನಿಟ್ಟುಸಿರನ್ನೂ ಹೊರಡಿಸಿದ. ಕಾಲಡಿಯ ಪೆಡಲಿನಿಂದ ಇತರರು ಮಾಡಿದ್ದನ್ನು ಅವನು ಒಂದೇ ಬೆರಳಿನಲ್ಲಿ ಮಾಡಿದ.

ಇನ್ನು ಎದುರುವಾದಗಳು. “ಆಂಪ್ಲಿಫೈಯರಿನಲ್ಲಿಯೇ ಟ್ರೆಬಲ್ ಗುಂಡಿಯಿದೆಯಲ್ಲ, ಇದೇತಕ್ಕೆ?” ಎನ್ನುತ್ತಾರೆ. ಒಗ್ಗರಣೆಗೆ ಮುಂಚೆ ಖಾರ ಕಡಿಮೆ ಮಾಡುವುದೂ ಸಾರು ಕುದಿದ ಮೇಲೆ ನೀರು ಬೆರೆಸುವುದೂ ಒಂದೇ ಎಂದು ಯಾವ ಗೃಹಿಣಿಯೂ ಹೇಳಳು. ದನಿ ಒಡೆಯುವಾಗ ಹೊಸ ಸ್ವರಾಂಶಗಳು ಹುಟ್ಟುತ್ತವೆ. ಒಡೆಯುವುದಕ್ಕೆ ಮೊದಲೇ ಮೊನೆಯನ್ನು ತೆಗೆದರೆ ಆ ಹೊಸ ಅಂಶಗಳು ಉಳಿದುಕೊಳ್ಳುತ್ತವೆ, ನಾದ ದುಂಡಗಾಗಿಯೂ ಜೀವಂತವಾಗಿಯೂ ಇರುತ್ತದೆ. ಒಡೆದ ಮೇಲೆ ತೆಗೆದರೆ ಎಲ್ಲದರ ಮೇಲೂ ಕಂಬಳಿ ಹೊದೆಸಿದಂತಾಗುತ್ತದೆ. ಅಲ್ಲದೆ ಆಂಪ್ಲಿಫೈಯರು ಬೆನ್ನ ಹಿಂದಿದೆ, ಈ ಗುಂಡಿ ಕೈಯಡಿಯಲ್ಲಿದೆ. ಪಲ್ಲವಿಗೊಂದು ಬಣ್ಣ, ಚರಣಕ್ಕೊಂದು ಬಣ್ಣ ಕೊಡಬೇಕಾದವನು ಹಾಡಿನ ನಡುವೆ ಎದ್ದು ಹಿಂದಕ್ಕೆ ನಡೆಯುವನೆ?

“ಅದು ಕಳೆಯಬಲ್ಲದೇ ಹೊರತು ಕೂಡಿಸಲಾರದು” ಎಂಬುದು ಎರಡನೆಯ ವಾದ. ಮಾತು ನಿಜ, ತೀರ್ಮಾನ ತಪ್ಪು. ಗುಂಡಿಯನ್ನು ಏಳರಲ್ಲಿಟ್ಟು ಆಂಪ್ಲಿಫೈಯರನ್ನು ಅದಕ್ಕೆ ಹೊಂದಿಸಿಕೊಂಡರೆ ಮೇಲಕ್ಕೂ ಜಾಗ ಸಿಗುತ್ತದೆ, ಕೆಳಕ್ಕೂ ಸಿಗುತ್ತದೆ. ಹತ್ತರಲ್ಲಿಟ್ಟು ಹೊಂದಿಸಿಕೊಂಡವನು ಮೇಲಣ ಬಾಗಿಲನ್ನು ತಾನೇ ಮುಚ್ಚಿಕೊಂಡು, ಬಾಗಿಲೇ ಇಲ್ಲವೆಂದು ದೂರುತ್ತಾನೆ.

ಮೂರನೆಯವರು ಎಡ್ಡಿ ವ್ಯಾನ್ ಹೇಲನ್‌ನನ್ನು ಮುಂದಿಡುತ್ತಾರೆ. 1978ರ ಮೊದಲ ಧ್ವನಿಮುದ್ರಿಕೆಯಿಂದ ಪ್ರಸಿದ್ಧವಾದ, ಅವನ ಕೈಯಾರೆ ಜೋಡಿಸಿದ ಗಿಟಾರಿನಲ್ಲಿ ಇದ್ದದ್ದು ಒಂದೇ ಗುಂಡಿ. ಅದೂ ದನಿ ಏರಿಸುವುದು. ತಮಾಷೆಯೆಂದರೆ ಅದರ ತಲೆಯ ಮೇಲೆ ‘ಟೋನ್’ ಎಂದೇ ಬರೆದಿತ್ತು! ಇದು ನಮ್ಮ ಸೋಮಾರಿಗಳಿಗೆ ಆಧಾರವಾಗದು. ಅವನು ತನಗೆ ಬೇಕಾದ ನಾದವನ್ನು ಹುಡುಕಿ, ಬೇಡದ್ದನ್ನು ಕಿತ್ತುಹಾಕಿದ. ಕಿತ್ತುಹಾಕುವುದು ಒಂದು ನಿರ್ಧಾರ; ಇಟ್ಟುಕೊಂಡು ಮರೆಯುವುದು ನಿರ್ಧಾರವಾಗುವುದು ಹೇಗೆ? ಇದಕ್ಕೆ ಪ್ರತಿಯಾಗಿ ಇನ್ನೊಂದು ಸಂಗತಿಯನ್ನು ಹೇಳುತ್ತೇನೆ. 1954ರಲ್ಲಿ ಬಂದ ಸ್ಟ್ರಾಟೊಕಾಸ್ಟರಿನಲ್ಲಿ ಟೋನ್ ಗುಂಡಿಗಳು ಎರಡಿದ್ದರೂ, ಎಲ್ಲಕ್ಕಿಂತ ಹರಿತವಾಗಿ ನುಡಿಯುವ ಕುದುರೆಯ ಬಳಿಯ ಪಿಕಪ್ಪಿಗೆ ಒಂದೂ ಇರಲಿಲ್ಲ. ಆ ಕೊರತೆಯನ್ನು ಸಹಿಸದ ಎಷ್ಟೋ ವಾದಕರು ಗಿಟಾರನ್ನು ಬಿಚ್ಚಿ, ತಂತಿಯನ್ನು ಬೆಸೆದು, ಗುಂಡಿಯನ್ನು ಅದಕ್ಕೂ ಹೊಂದಿಸಿಕೊಂಡರು. ಇಲ್ಲದವರು ಬೆಸೆದುಕೊಂಡರು, ಇರುವವರು ಮುಟ್ಟುವುದಿಲ್ಲ.

ಇದು ವಾದಕನ ಖಾಸಗಿ ವಿಷಯವೆಂದು ಸುಮ್ಮನಿರಬಹುದಾಗಿತ್ತು, ಕೇಳುವವರ ಕಿವಿ ನಡುವೆ ಇಲ್ಲದಿದ್ದರೆ. ನಮ್ಮ ಗಣೇಶೋತ್ಸವದ ವೇದಿಕೆಗಳಲ್ಲಿ ವಾದ್ಯವೃಂದವನ್ನು ಕೇಳಿದವರಿಗೆ ಇದು ಗೊತ್ತು. ಗಿಟಾರಿನ ಮೊನೆಯೂ ಗಾಯಕಿಯ ವ್ಯಂಜನಾಕ್ಷರಗಳೂ ಡ್ರಮ್ಮಿನ ತಾಳದ ತಟ್ಟೆಗಳೂ ಒಂದೇ ಎತ್ತರದಲ್ಲಿ ಜಾಗಕ್ಕಾಗಿ ಹೊಡೆದಾಡುತ್ತವೆ. ಗಿಟಾರಿನವನು ಎರಡಂಕೆ ಇಳಿದರೆ ಹಾಡಿನ ಮಾತು ಹೊರಬರುತ್ತದೆ. ಅವನು ಇಳಿಯುವುದಿಲ್ಲ, ಗಾಯಕಿಯ ಮೈಕನ್ನು ಏರಿಸುತ್ತಾರೆ, ಅವನೂ ಏರುತ್ತಾನೆ. ಕೊನೆಗೆ ಬೀದಿಯೆಲ್ಲ ಕಿವಿ ಮುಚ್ಚಿಕೊಳ್ಳುತ್ತದೆ. ತಂಬೂರಿಯ ಕುದುರೆಯ ಮೇಲೆ ತಂತಿಯಡಿಗೆ ನೂಲಿನ ಎಳೆಯನ್ನಿಟ್ಟು, ಕೂದಲೆಳೆಯಷ್ಟು ಅತ್ತ ಸರಿಸಿ ಇತ್ತ ಸರಿಸಿ, ನಾದ ಅರಳುವ ಸ್ಥಳವನ್ನು ಹುಡುಕಿದ ಜನ ನಾವು. ಗಿಟಾರು ಹೊರಗಿನಿಂದ ಬಂದ ವಾದ್ಯವೆಂದು ಆ ಕಿವಿಯನ್ನು ಮನೆಯಲ್ಲಿಯೇ ಬಿಟ್ಟು ಹೋಗಬೇಕೆ?

ಎಲ್ಲರೂ ಗುಂಡಿಯನ್ನು ತಿರುಗಿಸಲೇಬೇಕೆಂಬ ಕಟ್ಟಳೆ ನನ್ನದಲ್ಲ. ಹತ್ತೂ ಒಳ್ಳೆಯ ಜಾಗವೇ. ಆದರೆ ಒಂಬತ್ತನ್ನೂ ಐದನ್ನೂ ಸೊನ್ನೆಯನ್ನೂ ಕೇಳಿ ಬಂದವನಿಗೆ. ಕೇಳದವರ ಅತೃಪ್ತಿಗೆ ಕೊನೆಯಿಲ್ಲ. “ದನಿ ಸರಿಯಿಲ್ಲ” ಎಂದು ಒಂದು ಪೆಡಲ್, ಅದು ಸಾಲದೆಂದು ಇನ್ನೊಂದು, ಹೀಗೆ ಸಾವಿರಾರು ರೂಪಾಯಿ ತಂದೆತಾಯಿಯರ ಜೇಬಿನಿಂದ ಅಂಗಡಿಗೆ ಹೋಗುತ್ತದೆ. ಆದುದರಿಂದ ಹಿರಿಯರಲ್ಲಿ ಒಂದು ಬಿನ್ನಹ: ಮಗನೋ ಮಗಳೋ ಮುಂದಿನ ಪೆಡಲಿಗೆ ಕೈಯೊಡ್ಡಿದಾಗ, “ಈ ಗುಂಡಿ ನಾಲ್ಕರಲ್ಲಿದ್ದರೆ ಹೇಗಿರುತ್ತದೆ, ಒಂದು ಹಾಡು ನುಡಿಸಿ ತೋರಿಸು ನೋಡೋಣ” ಎನ್ನಿ. ತೋರಿಸಿದರೆ ಧಾರಾಳವಾಗಿ ಕೊಡಿಸಿ. ಗುಂಡಿ ಎಲ್ಲಿದೆಯೆಂದು ಹುಡುಕತೊಡಗಿದರೆ, ಹಣ ಇನ್ನೊಂದು ತಿಂಗಳು ನಿಮ್ಮಲ್ಲಿಯೇ ಇರಲಿ.